ಮೊಂಬಾಸದ ಬಟ್ಟೆ ಬೀದಿಯಲ್ಲಿ

ಗದ್ವಾಲ ಸೀರೆ ಮಾರುವ ಮಾನೋಪಾಡಿನ ಮನೆತನ ನಮ್ಮದು. ಎಲ್ಲಿ ಹೋದರೂ ಕಣ್ಣು ಮೊದಲು ಅಂಚಿನ ಮೇಲೆ! ಕೀನ್ಯಾದ ಮೊಂಬಾಸ ಬಂದರಿನಲ್ಲೂ ಹಾಗೇ ಆಯಿತು. 1963ರಲ್ಲಿ ಕಟ್ಟಿದ ಅಲ್ಲಿನ ಜೈನ ಮಂದಿರದಲ್ಲಿ ದರ್ಶನ ಮುಗಿಸಿ, ಜನಜಂಗುಳಿಯ ಬಿಯಾಶರಾ ಬೀದಿಗೆ ಹೋದೆ. ಸ್ವಾಹಿಲಿಯಲ್ಲಿ ಬಿಯಾಶರಾ ಎಂದರೆ ವ್ಯಾಪಾರ. ಅಂಗಡಿಗೆ ‘ದುಕಾ’, ಲೆಕ್ಕಕ್ಕೆ ‘ಹೆಸಾಬು’. ಅರ್ಧ ಭಾಷೆ ಬಂದಂತೆಯೇ ಅಲ್ಲವೇ?

ಸಾಲು ಅಂಗಡಿಗಳ ತುಂಬ ‘ಕಾಂಗಾ’. ಹೆಂಗಸರು ಉಟ್ಟು ಹೊದೆಯುವ ಅಚ್ಚಿನ ಹತ್ತಿಬಟ್ಟೆ, ಜೋಡಿಯಾಗಿ ಮಾರುತ್ತಾರೆ. ಸುತ್ತ ಅಂಚು, ಅದರೊಳಗೆ ಸ್ವಾಹಿಲಿಯ ಒಂದು ಸಾಲು. ಕೆಂಪು ಕಾಂಗಾವೊಂದು ಮನಸ್ಸಿಗೆ ಹಿಡಿಸಿತು. ಚೌಕಾಸಿ ಮಾಡಿ ದುಡ್ಡು ತೆಗೆದೆ.

“ಯಾರಿಗೆ?” ಎಂದು ಅಂಗಡಿಯವ ಹರಕು ಹಿಂದಿಯಲ್ಲಿ ಕೇಳಿದ.

“ಅತ್ತಿಗೆಗೆ.”

ಅವನು ದುಡ್ಡು ಮುಟ್ಟಲಿಲ್ಲ. ಆ ಸಾಲು ಹೊಟ್ಟೆಕಿಚ್ಚಿನವಳನ್ನು ಚುಚ್ಚುವ ಮಾತಂತೆ! ಬಾಯಿಬಿಟ್ಟು ಆಡಲಾಗದ್ದನ್ನು ಅಲ್ಲಿನ ಹೆಂಗಸರು ಕಾಂಗಾ ಉಟ್ಟು ಹೇಳುತ್ತಾರಂತೆ. ಕುದುರಿದ್ದ ವ್ಯಾಪಾರ ಬಿಟ್ಟು, ಗಂಟಿನ ಮೇಲೆ ಗಂಟು ಬಿಚ್ಚಿ, ಹಾರೈಕೆಯ ಮಾತಿದ್ದ ನೀಲಿ ಕಾಂಗಾ ಹುಡುಕಿಕೊಟ್ಟ, ಅದೇ ಬೆಲೆಗೆ. ನನಗೇನೋ ಕೆಂಪೇ ಚೆಂದವಿತ್ತು, ಸುಳ್ಳೇಕೆ ಹೇಳಲಿ!

ಅತ್ತಿಗೆ ಅದನ್ನು ಅಂಗಡಿಯ ಗಲ್ಲೆಯ ಹಿಂದೆ ತೂಗುಹಾಕಿದ್ದಾರೆ. ಸೀರೆಗೆ ಬಂದವರು ಮೊದಲು ಕೇಳುವುದು, ಅದರಲ್ಲಿ ಏನು ಬರೆದಿದೆ ಎಂದು.