ಶ್ವಾಸಕೋಶದ ಗಂಟು ಮತ್ತು ಜೀನುಗಳ ಲೆಕ್ಕ

ಶ್ವಾಸಕೋಶದ ಕ್ಯಾನ್ಸರ್ ಮೊದಲ ಹಂತದಲ್ಲಿಯೇ ಸಿಕ್ಕು, ಶಸ್ತ್ರಕ್ರಿಯೆಯಿಂದ ಗಂಟನ್ನು ತೆಗೆದರೆ ಮನೆಮಂದಿ ಗೆದ್ದೆವೆಂದು ತಿಳಿಯುತ್ತಾರೆ. ಆದರೆ ಅಂಥವರಲ್ಲಿಯೂ ಕೆಲವರಿಗೆ ರೋಗ ಮರಳುತ್ತದೆ. ಯಾರಿಗೆ ಮರಳೀತು? ಸೂಕ್ಷ್ಮದರ್ಶಕದಲ್ಲಿ ಇಬ್ಬರ ಗಂಟುಗಳೂ ಒಂದೇ ತೆರನಾಗಿ ಕಾಣಬಹುದು. ಮುಂಚಿತವಾಗಿ ತಿಳಿದರೆ ಬೇಕಾದವರಿಗೆ ಕೀಮೋ ಕೊಟ್ಟು, ಬೇಡದವರಿಗೆ ಆ ಸಂಕಟ ತಪ್ಪಿಸಬಹುದು.

ನಾನು ಮೆಟ್ರಿಕ್ ಓದಿದ ವ್ಯಾಪಾರಿ, ವೈದ್ಯನಲ್ಲ. ತಿಳಿದಷ್ಟು ಹೇಳುತ್ತೇನೆ. ನಮ್ಮ ಮೈಯ ಜೀವಕೋಶಗಳಲ್ಲಿ ಸುಮಾರು 20,000 ಜೀನುಗಳಿವೆ. ಎಲ್ಲ ಕಡೆಗೂ ಅವೇ ಜೀನುಗಳು. ಆದರೆ ಯಾವುದು ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆಯೆಂಬುದು ಕೋಶದಿಂದ ಕೋಶಕ್ಕೆ ಬೇರೆ. ಕೆಲಸಕ್ಕೆ ತೊಡಗಿದ ಜೀನು ಆರ್‌ಎನ್‌ಎ ಎಂಬ ಚೀಟಿಗಳನ್ನು ಬರೆದು ಕಳಿಸುತ್ತದೆ. ಆ ಚೀಟಿಗಳನ್ನು ಎಣಿಸಿ ಗಂಟಿನ ಸ್ವಭಾವ ತಿಳಿಯುವುದೇ ಈ ವಿದ್ಯೆ.

2002ರಲ್ಲಿ ಅಮೇರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 86 ಗಂಟುಗಳನ್ನು ಪರೀಕ್ಷಿಸಿ, 50 ಜೀನುಗಳ ಲೆಕ್ಕದಿಂದ ಮೊದಲ ಹಂತದವರಲ್ಲಿಯೂ ಹೆಚ್ಚು ಅಪಾಯದವರನ್ನು ಬೇರ್ಪಡಿಸಿ ತೋರಿಸಿದರು. ಎಲ್ಲೆಡೆ ಆಸೆ ಚಿಗುರಿತು. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಅನಿಲ್ ಪೊಟ್ಟಿ ಮತ್ತು ಸಂಗಡಿಗರು, ಯಾರಿಗೆ ರೋಗ ಮರಳುವುದೆಂದು ತಮ್ಮ ಲೆಕ್ಕ ಹೇಳಬಲ್ಲದೆಂದು ದೊಡ್ಡ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಯಾವ ಗಂಟಿಗೆ ಯಾವ ಔಷಧ ತಾಗೀತೆಂಬ ಇನ್ನೊಂದು ಲೆಕ್ಕವನ್ನೂ ಅದೇ ವರ್ಷ ಮುಂದಿಟ್ಟರು.

ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಯ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಲೆಕ್ಕತಜ್ಞರು ಆ ಔಷಧದ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಿದರು. ತಾಳೆಯಾಗಲಿಲ್ಲ. ಕಾರಣ ನೋಡಿದರೆ, ಜೀನುಗಳ ಪಟ್ಟಿ ಒಂದು ಸಾಲು ಕೆಳಗೆ ಸರಿದಿತ್ತು! ಕಿರ್ದಿಯಿಂದ ಖತಾವಣಿಗೆ ಏರಿಸುವಾಗ ಒಂದು ಸಾಲು ತಪ್ಪಿದರೆ ಒಬ್ಬನ ಬಾಕಿ ಇನ್ನೊಬ್ಬನ ತಲೆಗೆ ಬರುತ್ತದೆಂದು ನಮ್ಮ ಮುನೀಮರಿಗೆಲ್ಲ ಗೊತ್ತು. ಇಲ್ಲಿ ಆ ಲೆಕ್ಕ ನಂಬಿ ರೋಗಿಗಳ ಮೇಲೆ ಪ್ರಯೋಗಗಳೇ ನಡೆದವು. ತಪ್ಪು ಅಷ್ಟೊಂದೇ ಇರಲಿಲ್ಲ. 2010ರಲ್ಲಿ ಪ್ರಯೋಗಗಳು ನಿಂತವು. 2011ರಲ್ಲಿ ಶ್ವಾಸಕೋಶದ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. 2015ರಲ್ಲಿ ಅಮೇರಿಕದ ಸರಕಾರಿ ಕಚೇರಿಯು ಪೊಟ್ಟಿ ಸುಳ್ಳು ಅಂಕಿ ಸೇರಿಸಿದ್ದರೆಂದು ತೀರ್ಮಾನಿಸಿತು.

ಹಾಗೆಂದು ವಿದ್ಯೆಯೇ ಸುಳ್ಳಲ್ಲ. 2008ರಲ್ಲಿ ಹಲವು ಸಂಸ್ಥೆಗಳು ಕೂಡಿ 442 ಗಂಟುಗಳನ್ನು ನೋಡಿದಾಗ, ಜೀನಿನ ಲೆಕ್ಕದ ಸಂಗಡ ರೋಗಿಯ ವಯಸ್ಸು, ರೋಗದ ಹಂತ ಸೇರಿಸಿದರೆ ಅಂದಾಜು ಹೆಚ್ಚು ಸರಿ ಬರುವುದೆಂದು ಕಂಡಿತು. ಇನ್ನೊಂದು ತೊಡಕೂ ಇತ್ತು. ತೊಗರಿ ಚೀಲದ ಒಂದು ಮೂಲೆಯ ಕಾಳು ನೋಡಿ ದರ ಕಟ್ಟಿದರೆ ಮೋಸ ಹೋಗಬಹುದಷ್ಟೇ? ಒಂದೇ ಗಂಟಿನ ಬೇರೆ ಬೇರೆ ತುಣುಕುಗಳೂ ಬೇರೆ ಬೇರೆ ತೀರ್ಪು ಕೊಡುತ್ತಿದ್ದವು. 2019ರಲ್ಲಿ ಲಂಡನ್ನಿನ ಸಂಶೋಧಕರು, ಯಾವ ತುಣುಕು ತೆಗೆದರೂ ಹೆಚ್ಚು ಬದಲಾಗದ 23 ಜೀನುಗಳನ್ನು ಆರಿಸಿದರು.

ಇಷ್ಟಾದರೂ ಈ ಎಣಿಕೆ ಇನ್ನೂ ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಇ.ಜಿ.ಎಫ್.ಆರ್. ಎಂದು ಬರೆದು ಮಾಡಿಸುವ ಪರೀಕ್ಷೆ ಬೇರೆಯದು. ಅದು ಜೀನಿನ ಬರವಣಿಗೆಯಲ್ಲಿಯೇ ಆದ ಬದಲಾವಣೆಯನ್ನು ನೋಡುತ್ತದೆ. ಬೀಡಿ ಸಿಗರೇಟು ಮುಟ್ಟದವರಿಗೂ ಈ ಕ್ಯಾನ್ಸರ್ ಬರುತ್ತದೆ, ಮತ್ತು ಅಂಥವರಲ್ಲಿಯೇ ಆ ಬದಲಾವಣೆ ಹೆಚ್ಚು. ಅದು ಸಿಕ್ಕರೆ ಅದಕ್ಕೆಂದೇ ಗುಳಿಗೆಗಳಿವೆ. ಆದ್ದರಿಂದ ಪರೀಕ್ಷೆಗೆ ಹಣ ಕಟ್ಟುವ ಮೊದಲು ಮನೆಯವರು ವೈದ್ಯರನ್ನು ಕೇಳಬೇಕು: ಡಾಕ್ಟರ್ ಸಾಹೇಬರೇ, ಈ ಕಾಗದ ಬಂದ ಮೇಲೆ ಔಷಧ ಬದಲಾಗುತ್ತದೆಯೇ?