ಸಾಲು ಉದ್ದವಾಯಿತು, ಸರ್ವರ್ ಏಳಲಿಲ್ಲ

ಮಳೆಗಾಲ ಹಿಡಿದರೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಕರೆಂಟ್ ಹೋಗಿಬರುವುದು ಮಾಮೂಲು. ಅಂಗಡಿ, ಗೋದಾಮು, ಲೆಕ್ಕಪತ್ರದ ಕಚೇರಿಗಳಲ್ಲಿ ಮೂಲೆಯ ಮೇಜಿನ ಕಂಪ್ಯೂಟರೇ ಎಷ್ಟೋ ಕಡೆ ಡೇಟಾಬೇಸ್ ಸರ್ವರ್. ಯುಪಿಎಸ್ ಕೈಕೊಟ್ಟು ಅದು ಆರಿ, ಮತ್ತೆ ಆನ್ ಮಾಡಿದಾಗ ಡೇಟಾಬೇಸ್ ಏಳದಿದ್ದರೆ ಎಲ್ಲರ ಅನುಮಾನ ಹಾರ್ಡ್ ಡಿಸ್ಕಿನ ಮೇಲೆ. ಡೇಟಾ ನೆಟ್ಟಗೇ ಇದ್ದು, ಅದನ್ನು ಎಬ್ಬಿಸಬೇಕಾದ ಸ್ಟಾರ್ಟಪ್ ಸ್ಕ್ರಿಪ್ಟಿನ ಒಂದು ಸಾಲು ಮಾತ್ರ ಸೋತಿರುವುದೂ ಉಂಟು.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಒಂದು ಸಾಲಿನಲ್ಲಿ 8,191 ಅಕ್ಷರಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಜಾವಾದಲ್ಲಿ ಬರೆದ ಕೆಲವು ಡೇಟಾಬೇಸ್‌ಗಳ ಬ್ಯಾಚ್ ಫೈಲುಗಳು ಲಿಬ್ ಫೋಲ್ಡರಿನ ಒಂದೊಂದು ಜಾರ್ ಫೈಲನ್ನೂ, ಅಂದರೆ ಜಾವಾ ಕೋಡಿನ ಕಟ್ಟನ್ನೂ, ಪೂರ್ತಿ ವಿಳಾಸದ ಸಮೇತ, ಕೋಡ್ ಹುಡುಕುವ ಪಟ್ಟಿಯಾದ ಕ್ಲಾಸ್‌ಪಾತ್‌ಗೆ ಪೋಣಿಸುತ್ತವೆ. ಅಪಾಚೆ ಕಸಾಂಡ್ರಾದ ಹಳೆಯ ವಿಂಡೋಸ್ ಸ್ಕ್ರಿಪ್ಟ್ ಮಾಡುತ್ತಿದ್ದುದೂ ಇದನ್ನೇ. 90 ಜಾರ್ ಇವೆಯೆನ್ನಿ. ಸಿ ಡ್ರೈವಿನ ಚಿಕ್ಕ ಫೋಲ್ಡರಿನಲ್ಲಿ ವಿಳಾಸ 10 ಅಕ್ಷರ. ಡೆಸ್ಕ್‌ಟಾಪಿನ ‘ಹೊಸ ಬ್ಯಾಕಪ್’, ಅದರೊಳಗೆ ವರ್ಷ, ಅದರೊಳಗೆ ಶಾಖೆ ಎಂದು ಫೋಲ್ಡರು ಹೊಕ್ಕು ವಿಳಾಸ 70 ಆಯಿತೋ, ಸಾಲು ಒಮ್ಮೆಲೇ 5,400 ಅಕ್ಷರ ಬೆಳೆಯುತ್ತದೆ. ಅದು ಮಿತಿ ದಾಟಿದಾಗ ಬರುವುದು ‘ದಿ ಇನ್‌ಪುಟ್ ಲೈನ್ ಈಸ್ ಟೂ ಲಾಂಗ್’ ಎಂಬ ಒಂದೇ ವಾಕ್ಯ. ಯಾವ ಸಾಲು, ಎಷ್ಟು ಉದ್ದ, ಏನೂ ಹೇಳುವುದಿಲ್ಲ. ಕಪ್ಪು ಕಿಟಕಿ ತಟ್ಟನೆ ಮುಚ್ಚಿಕೊಂಡರೆ ಅದೂ ಕಾಣದು.

ಓಡುತ್ತಿರುವ ಸರ್ವರಿಗೆ ಇದರ ಬಿಸಿ ತಟ್ಟುವುದಿಲ್ಲ. ಏಪ್ರಿಲಿನಲ್ಲಿ ಸೇರಿಸಿದ ಜಾರ್ ಫೈಲಿನ ಫಲ ಜುಲೈನಲ್ಲಿ ಕರೆಂಟ್ ಹೋದ ದಿನ ಕಾಣಿಸಬಹುದು. ಸ್ಕ್ರಿಪ್ಟಿನಲ್ಲಿ, ಅದರ ಬದಲಾವಣೆಗಳನ್ನು ಕಿಟಕಿಯಲ್ಲಿ ಉಳಿಯಗೊಡದ ‘ಸೆಟ್‌ಲೋಕಲ್’ ಇಲ್ಲದಿದ್ದರೆ ಇನ್ನೊಂದು ಕಾಟ: ಅದೇ ಕಿಟಕಿಯಲ್ಲಿ ನಿಲ್ಲಿಸಿ ಶುರು ಮಾಡಿದಂತೆಲ್ಲ ಹಳೆಯ ಪಟ್ಟಿಗೆ ಹೊಸದು ಸೇರುತ್ತಾ, ಬೆಳಿಗ್ಗೆ ಓಡಿದ್ದು ಸಂಜೆಗೆ ಮುಷ್ಕರ ಹೂಡುತ್ತದೆ.

ಲಿನಕ್ಸ್‌ನಲ್ಲೂ ಮಿತಿಯಿದೆ. ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಮಿನ ವಿಳಾಸ ಹೇಳುವ ಮೊದಲ ಸಾಲಿಗೆ ಹಿಂದೆ 127 ಬೈಟ್ ಇತ್ತು, 2019ರ 5.1 ಕರ್ನಲ್‌ನಲ್ಲಿ 255 ಆಯಿತು. ಇಲ್ಲಿ ಲೆಕ್ಕ ಬೈಟ್‌ಗಳದ್ದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಸ್ವರಚಿಹ್ನೆ ಮತ್ತು ಒತ್ತಕ್ಷರದ ಕೊಂಡಿಗೂ ಬೇರೆ ಬೇರೆ. ‘ಕೋಟೆ’ 12 ಬೈಟ್. ‘ಶಿವಮೊಗ್ಗ’, ‘ಭದ್ರಾವತಿ’ ತಲಾ 24. ಹಾಗೆಂದು ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟವರನ್ನು ದೂರುವುದು ಅನ್ಯಾಯ. ಇಂಗ್ಲಿಷ್ ಅಕ್ಷರವನ್ನೇ ಅಳತೆಗೋಲು ಮಾಡಿಕೊಂಡು, ಮಿತಿಯನ್ನು ಪರೀಕ್ಷಿಸದೆ ಸ್ಕ್ರಿಪ್ಟ್ ಬರೆದವರದ್ದೇ ತಪ್ಪು.

ಉದ್ದದ ಜಾರ್ ಪಟ್ಟಿಗೆ ಪರಿಹಾರ ಹೊಸದೇನಲ್ಲ. ಜಾವಾ 6ರಿಂದಲೇ ಫೋಲ್ಡರಿನ ಹೆಸರಿನ ಮುಂದೆ ಒಂದು ಓರೆಗೆರೆ, ಒಂದು ನಕ್ಷತ್ರ ಚಿಹ್ನೆ ಸೇರಿಸಿದರೆ ಅಲ್ಲಿನ ಜಾರ್‌ಗಳೆಲ್ಲ ಬಂದವು.

ಸರ್ವರ್ ಏಳದಿದ್ದರೆ ಫಾರ್ಮ್ಯಾಟ್ ಮಾಡಿಸಲು ಓಡಬೇಡಿ, ಡೇಟಾ ಫೋಲ್ಡರ್ ಮುಟ್ಟಬೇಡಿ. ಮೊದಲು ಹೊಸ ಕಮಾಂಡ್ ಕಿಟಕಿ ತೆರೆದು, ಸ್ಕ್ರಿಪ್ಟನ್ನು ಅಲ್ಲಿಂದಲೇ ಓಡಿಸಿ, ಅದು ಹೇಳುವ ಕೊನೆಯ ಸಾಲನ್ನು ಓದಿ.