ರಾಗಿ ಮೆದೆಯ ಕಾವು

ಡಿಸೆಂಬರ್ ಮೊದಲ ವಾರವೆಂದರೆ ಅರಕಲಗೂಡಿನಲ್ಲಿ ಇಬ್ಬನಿಯ ಕಾಲ. ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ಬಿಟ್ಟಮೇಲೆ ಚುರುಕು ಬಿಸಿಲು. ಸೊಗಡಿನ ಅವರೆಕಾಯಿ ಸಂತೆಗೆ ಇಳಿಯುವ, ಕೊಯ್ದ ರಾಗಿ ಹೊಲದಲ್ಲಿ ಗರಿಗರಿ ಒಣಗುವ ದಿನಗಳು. 2024ರಲ್ಲಿ ಆ ಬಿಸಿಲೇ ಬರಲಿಲ್ಲ. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತ ಬಲಗುಂದಿ ಪಶ್ಚಿಮಕ್ಕೆ ಸರಿಯುತ್ತಾ ನಮ್ಮ ಕಡೆಗೂ ಮೋಡ, ಥಂಡಿಗಾಳಿ, ಬಿಟ್ಟೂ ಬಿಡದ ಸೋನೆ ತಂದಿತು.

ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಗೊಣಗಾಟ. ಬಸ್ ತಡ. ಕರೆಂಟು ಹೋಗುತ್ತದೆ, ಬರುತ್ತದೆ. ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ. ರಾಮನಾಥಪುರದಲ್ಲಿ ಡಿಸೆಂಬರ್ 7ಕ್ಕೆ ಸುಬ್ರಹ್ಮಣ್ಯ ಷಷ್ಠಿ. ಜಾತ್ರೆ ವ್ಯಾಪಾರ ನಂಬಿದವರಿಗೆ ಕೆಸರಿನದೇ ಯೋಚನೆ.

ಟೀ ಅಂಗಡಿಯ ಟಿ.ವಿ.ಯಲ್ಲಿ ತಿರುವಣ್ಣಾಮಲೈ ಕಾಣಿಸಿತು. ಡಿಸೆಂಬರ್ 1ರ ಸಂಜೆ ಬೆಟ್ಟದ ಬುಡದ ಮನೆಯ ಮೇಲೆ ಮಣ್ಣು, ಬಂಡೆ ಜರಿದು ಏಳು ಜನ ಸತ್ತಿದ್ದರು. ಅವರಲ್ಲಿ ಐದು ಮಕ್ಕಳು. ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ನಮ್ಮ ದಕ್ಷಿಣ ಪಿನಾಕಿನಿಯೇ ಅಲ್ಲಿ ಸಾತನೂರು ಅಣೆಕಟ್ಟೆಯ ನೀರನ್ನೂ ಕೂಡಿಕೊಂಡು ವಿಳುಪ್ಪುರಂ ಕಡೆಯ ಊರುಗಳಿಗೆ ನುಗ್ಗಿತ್ತು. "ಅಯ್ಯೋ, ಕೂಸುಗಳು ಕಣಪ್ಪಾ" ಎಂದರು ಬಾಗಿಲಲ್ಲಿ ಸೊಪ್ಪಿನ ಕುಕ್ಕೆ ಇಳಿಸಿದ್ದ ಅಜ್ಜಿ. ಬಸ್ಸಿನ ಮಾತು ಅಲ್ಲಿಗೇ ನಿಂತಿತು.

ಗುಡ್ಡ ಜರಿಯುವುದು ಇಲ್ಲಿಯವರಿಗೆ ದೂರದ ಸುದ್ದಿಯಲ್ಲ. ಮಲ್ಲಿಪಟ್ಟಣ ದಾಟಿದರೆ ಕೊಡಗು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಮನೆ, ತೋಟ, ರಸ್ತೆ ಒಟ್ಟಿಗೇ ಕುಸಿದು ಹೋದದ್ದನ್ನು ಯಾರೂ ಮರೆತಿಲ್ಲ. ಕಾವೇರಿ ಉಕ್ಕಿದಾಗಲೆಲ್ಲ ರಾಮನಾಥಪುರದ ದಂಡೆಯ ಮನೆಯವರು ಪಾತ್ರೆಪಗಡೆ ಹೊತ್ತು ಎತ್ತರಕ್ಕೆ ನಡೆಯಬೇಕು.

ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ರೈತರು ರಾಗಿಯ ಮಾತೆತ್ತಿದರು. "ಅಲ್ಲಿ ಜನ ಸತ್ತವ್ರೆ, ನಿಂಗೆ ರಾಗಿ ಚಿಂತೆಯಾ?" ಎಂದು ಪಕ್ಕದವರು ಗದರಿದರು. ಅವರು ಲೋಟ ಕೆಳಗಿಟ್ಟು ಸುಮ್ಮನಾದರು. ನನಗದು ಸರಿಕಾಣಲಿಲ್ಲ. ಪರರ ದುಃಖದ ಮುಂದೆ ನನ್ನ ಒದ್ದೆ ಅಂಗಿಯನ್ನು ನಾನು ಮರೆಯಬೇಕು, ನಿಜ. ಆದರೆ ಆ ಅಳತೆಗೋಲನ್ನು ಅವರ ಹೊಲಕ್ಕೆ ಹಿಡಿಯಲು ನಾನ್ಯಾರು? ಒಣಗದ ಬಟ್ಟೆಯೂ ನೆನೆದ ತೆನೆಯೂ ಒಂದೇ ಮಳೆಯಿಂದ ಬಂದರೂ ಒಂದೇ ತೂಕದವಲ್ಲ.

ದೊಡ್ಡಮಗ್ಗೆ ರಸ್ತೆಯಲ್ಲಿರುವ ಅವರ ಹೊಲಕ್ಕೆ ಹೋದೆ. ಅರ್ಧ ರಾಗಿ ಮೆದೆಯಾಗಿತ್ತು, ಉಳಿದರ್ಧ ಕೊಯ್ದು ಬಿಟ್ಟ ಅರಿಯಾಗಿ ನೆಲದಲ್ಲೇ ಮಲಗಿತ್ತು. ಟಾರ್ಪಾಲು ಸರಿಸಿ ಮೆದೆಯೊಳಕ್ಕೆ ಮೊಣಕೈವರೆಗೂ ಕೈ ತೂರಿಸಿದರು. "ನೀವೂ ಇಟ್ಟು ನೋಡಿ ಸಾರ್" ಅಂದರು. ಹೊರಗೆ ಬೆರಳು ಮರಗಟ್ಟಿಸುವ ಥಂಡಿ, ಒಳಗೆ ಜ್ವರದ ಮೈಯಂಥ ಬಿಸಿ. ಹಸಿಯಿರುವಾಗಲೇ ಒಟ್ಟಿದ ಹುಲ್ಲು ಒಳಗೊಳಗೇ ಕಾವು ಏರಿ ಬೂಸಲು ಹಿಡಿಯುತ್ತದೆ. ಮಳೆಯಲ್ಲಿ ಬಿಚ್ಚಿ ಹರವುವಂತೆಯೂ ಇಲ್ಲ. ನೆಲದಿಂದ ಒಂದು ತೆನೆ ಎತ್ತಿ ಕೊಟ್ಟರು. ಮುಷ್ಟಿಯಂತೆ ಮಡಿಸಿಕೊಂಡ ಕವಲುಗಳ ನಡುವೆ ಕಾಳು ಕಪ್ಪಿಟ್ಟಿತ್ತು. ನೆಲಕ್ಕೆ ತಾಗಿದ್ದ ಮಗ್ಗುಲಲ್ಲಿ ನೂಲಿನಷ್ಟು ಸಣ್ಣ ಬಿಳಿ ಮೊಳಕೆ.

ಆ ವರ್ಷ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಕಪ್ಪಿಟ್ಟ, ಮೊಳೆತ ಕಾಳು ಖರೀದಿ ಕೇಂದ್ರದಲ್ಲಿ ತಿರಸ್ಕಾರವಾಗುತ್ತದೆ.

"ಆ ಮಕ್ಕಳ ಕಡೇರು ಯಾರಾರ ಉಳಿದವ್ರಾ ಸಾರ್?" ಟಾರ್ಪಾಲಿನ ಅಂಚಿಗೆ ಕಲ್ಲು ಹೇರುತ್ತಾ ಕೇಳಿದರು. ಉತ್ತರ ನನಗೂ ತಿಳಿದಿರಲಿಲ್ಲ. ಆಮೇಲೆ ಮತ್ತೆ ರಾಗಿಗೆ ಬಂದರು. "ಮನೆ ಮಟ್ಟಿಗೆ ಹಿಟ್ಟು ಆಗ್ತದೆ, ಬುಡಿ. ಹುಲ್ಲು ಕೊಳೆತ್ರೆ ಮಾತ್ರ ಬೇಸ್ಗೇಗೆ ದನ ಮಾರ್ಬೇಕಾಯ್ತದೆ."